ಲಾಕಿನ ಮನೆಯ ಅತ್ತಿ

ನಮ್ಮ ಲಾಕಿಗೆ ಬರುವ ನಾವೆಯವರನ್ನು ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳುವುದಿಲ್ಲ. ನಿಮ್ಮಲ್ಲಿ ಯಾರಿಗೆ ಯಾರ ಮೇಲೆ ಮುನಿಸಿದೆ ಎಂದಷ್ಟೇ ಕೇಳುತ್ತೇವೆ. ಕೇಳುವ ಕೆಲಸ ನನ್ನದು. ಹೊಳೆಯ ಮೇಲ್ಭಾಗದಲ್ಲಿ, ನೀರು ಒಂದಾಳೆತ್ತರ ಕೆಳಕ್ಕೆ ಧುಮುಕುವ ಕಡೆ, ಹಳೆಯ ಕಾಲದವರು ಕಲ್ಲಿನ ದೊಡ್ಡ ತೊಟ್ಟಿ ಕಟ್ಟಿ ಅದಕ್ಕೆ ಹಿಂದೊಂದು ಮುಂದೊಂದು ಮರದ ಕದ ಇಟ್ಟಿದ್ದಾರೆ. ಮೇಲಕ್ಕೆ ಹೋಗುವ ನಾವೆ ಕೆಳಗಿನ ಕದದಿಂದ ಒಳಗೆ ಬರುತ್ತದೆ. ಆ ಕದ ಮುಚ್ಚಿ ತೂಬು ಎತ್ತಿದರೆ ಮೇಲಿನ ಹೊಳೆಯ ನೀರು ತೊಟ್ಟಿಗೆ ತುಂಬುತ್ತದೆ, ನೀರಿನ ಜೊತೆ ನಾವೆಯೂ ಏರುತ್ತದೆ, ಆಮೇಲೆ ಮೇಲಿನ ಕದ ತೆಗೆದರೆ ಮುಂದಕ್ಕೆ ಸಾಗುತ್ತದೆ. ಇದಕ್ಕೇ ಎಲ್ಲರೂ ಲಾಕು ಅನ್ನುತ್ತಾರೆ. ಪಕ್ಕದ ದಡದಲ್ಲಿ ಎರಡು ಕೋಣೆಯ ಹಂಚಿನ ಮನೆ. ಅದು ಲಾಕಿನ ಮನೆ. ಅಲ್ಲಿ ಅತ್ತಿ, ಅಂದರೆ ನನ್ನ ಗಂಡನ ತಾಯಿ, ಮತ್ತು ನಾನು.

ತೊಟ್ಟಿಯೊಳಗೆ ಒಬ್ಬರ ಮೇಲೊಬ್ಬರು ಮುನಿಸಿಕೊಂಡವರು ಇದ್ದರೆ ಕದ ತೆರೆಯುವುದಿಲ್ಲ. ಊರ ಪೈಲವಾನರೆಲ್ಲ ಸೇರಿ ಕದ ನೂಕುವ ತೊಲೆಗೆ ಬೆನ್ನು ಕೊಟ್ಟರೂ ಇಲ್ಲ. ಮುನಿಸಿಕೊಂಡವರು ನಾವೆಯಿಂದ ಇಳಿದು ದಡದ ಹಾದಿ ಹಿಡಿದು ಹೋದರೂ ಇಲ್ಲ. ಕದ ಅದನ್ನು ಮರೆಯುವುದಿಲ್ಲ. ಒಮ್ಮೆ ಮೆಣಸಿನಕಾಯಿ ವ್ಯಾಪಾರಿಯೊಬ್ಬ ತನ್ನ ಭಾವನ ಮೇಲೆ ಸಿಟ್ಟಾಗಿ ಇಳಿದು ಊರಿಗೆ ಹೋಗಿಬಿಟ್ಟಿದ್ದ. ಅವನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಇಬ್ಬರನ್ನೂ ಒಂದೇ ತಾಟಿನಲ್ಲಿ ಉಣಿಸುವವರೆಗೆ ಆ ನಾವೆ ತೊಟ್ಟಿಯಲ್ಲೇ ಇತ್ತು. ಅಷ್ಟೂ ದಿನ ಮೆಣಸಿನಕಾಯಿಯ ಘಾಟಿಗೆ ಅತ್ತಿ ಮತ್ತು ನಾನು ಸೀನುತ್ತಲೇ ಅಡಿಗೆ ಮಾಡಿದೆವು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಪಾಲಾದ ಅಣ್ಣತಮ್ಮಂದಿರು ಬೇರೆ ಬೇರೆ ನಾವೆ ಹತ್ತುತ್ತಾರೆ. ಬೀಗರನ್ನು ಮುಂದಿನ ನಾವೆಯಲ್ಲಿ ಕಳಿಸಿ ತಾವು ಹಿಂದಿನದರಲ್ಲಿ ಬರುತ್ತಾರೆ. ಗಂಡಹೆಂಡಿರು ಒಳಗೆ ಬರುವ ಮೊದಲೇ ಕೆಳಗಿನ ಕಟ್ಟೆಯ ಮೇಲೆ ನಿಂತು ಆಡಬೇಕಾದ್ದನ್ನೆಲ್ಲ ಆಡಿ ಮುಗಿಸುತ್ತಾರೆ. ಅದಕ್ಕೆ ಬೈಗುಳದ ಕಟ್ಟೆ ಎಂದೇ ಹೆಸರು. ಅಲ್ಲಿ ಬಟ್ಟೆ ಒಗೆಯುವ ಹೆಂಗಸರು ಹೊಸದೇನಾದರೂ ಕೇಳಿಸೀತೆಂದು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತ ಕೂರುತ್ತಾರೆ.

ಲಾಕು ಕಾಯುವ ಕೆಲಸ ನಮ್ಮ ಮನೆಯ ಸೊಸೆಯಂದಿರಿಗೆ ಬರುವುದು. ಅತ್ತಿಗೆ ಅವರ ಅತ್ತೆಯಿಂದ ಬಂತು. ಮೊಣಕಾಲು ನೋವು ಹಿಡಿದ ಮೇಲೆ ಅತ್ತಿ ಅದನ್ನು ನನಗೆ ಒಪ್ಪಿಸಿ ಒಲೆಯ ಮುಂದೆ ಕುಳಿತರು. ನನ್ನ ಗಂಡ ಕೆಳಗಿನ ಊರಿನಲ್ಲಿ ನಾವೆ ಕಟ್ಟುವ ಬಡಗಿ, ಸಂತೆಯ ದಿನವಷ್ಟೇ ಮನೆಗೆ ಬರುವವನು. ಅತ್ತಿಯ ಹೆಸರು ನೀಲವ್ವ. ಸಣ್ಣ ಮೈ, ಸಣ್ಣ ದನಿ. ನಾನು ಸೊಸೆಯಾಗಿ ಬಂದಂದಿನಿಂದ ನನಗೆ ಒಂದು ಬಿರುಸು ಮಾತು ಆಡಿದವರಲ್ಲ. ಲಾಕಿನ ಮನೆಯಲ್ಲಿ ಇರುವವರು ಸಿಟ್ಟು ಮಾಡಬಾರದು, ಮಾಡಿದರೆ ಕದಕ್ಕೆ ತಿಳಿಯುತ್ತದೆ ಎಂದು ಅವರು ತಮ್ಮ ಅತ್ತೆಯಿಂದ ಕಲಿತಿದ್ದರಂತೆ. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ನಾವೆಯವರೆಲ್ಲ ನನಗೆ ಹೇಳುತ್ತಿದ್ದರು. ನಾನೂ ಹೌದು ಅನ್ನುತ್ತಿದ್ದೆ.

ನಾಟಕ ಕಂಪನಿಯ ನಾವೆ ಬಂದದ್ದು ಸುಗ್ಗಿ ಮುಗಿದ ಮೇಲೆ, ಒಂದು ಬೆಳಿಗ್ಗೆ. ಶ್ರೀ ಹೊಳೆಬಸವೇಶ್ವರ ನಾಟ್ಯ ಸಂಘ ಎಂದು ನಾವೆಯ ಮೈಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಬಿದಿರಿಗೆ ಸುತ್ತಿಟ್ಟ ಪರದೆಗಳು, ಕಿರೀಟಗಳ ಪೆಟ್ಟಿಗೆ, ಒಂದು ಮರದ ಸಿಂಹಾಸನ, ಸಿಂಹಾಸನದ ಮೇಲೆ ಒಣಗಲು ಹಾಕಿದ ಚಡ್ಡಿ. ಕಂಪನಿಯ ಮಾಲೀಕ ಚನ್ನವೀರಪ್ಪ ದೊಡ್ಡ ಮೀಸೆಯ, ಸದಾ ಬೆವರುವ ಮನುಷ್ಯ. ನಾನು ಕೇಳಬೇಕಾದ್ದನ್ನು ಕೇಳಿದೆ. ಮುನಿಸು ಎಂಬ ಶಬ್ದವೇ ತಮ್ಮ ಕಂಪನಿಯಲ್ಲಿ ಇಲ್ಲ, ತಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದ. ಒಂದೇ ತಾಯಿಯ ಮಕ್ಕಳು ಎಂದವರ ನಾವೆ ಇಲ್ಲಿ ಸುಲಭವಾಗಿ ದಾಟಿದ್ದನ್ನು ನಾನು ನೋಡಿಲ್ಲ. ಆದರೂ ಒಳಗೆ ಬಿಟ್ಟುಕೊಂಡು ಕೆಳಗಿನ ಕದ ಹಾಕಿ ತೂಬು ಎತ್ತಿದೆ. ನೀರು ತುಂಬಿತು, ನಾವೆ ಗೋಡೆಯ ಮಟ್ಟಕ್ಕೆ ಬಂತು. ಮೇಲಿನ ಕದ ಮಾತ್ರ ಕದಲಲಿಲ್ಲ.

ಮುನಿಸು ಇದ್ದದ್ದು ರಾಜನ ಪಾರ್ಟು ಮಾಡುವ ದತ್ತೋಬನಿಗೂ ರಾಣಿಯ ಪಾರ್ಟು ಮಾಡುವ ಅಂಬುಜಾಬಾಯಿಗೂ. ಹಿಂದಿನ ಕ್ಯಾಂಪಿನಲ್ಲಿ, ಕೊನೆಯ ಪ್ರವೇಶದಲ್ಲಿ, ರಾಜ ರಾಣಿಯ ತೊಡೆಯ ಮೇಲೆ ಸತ್ತಿದ್ದಾನೆ, ರಾಣಿ ಹಾಡುತ್ತಿದ್ದಾಳೆ. ಜನ ಒನ್ಸ್ ಮೋರ್ ಅಂದರು. ಅಂಬುಜಾಬಾಯಿ ಮತ್ತೆ ಹಾಡಿದಳು. ಮತ್ತೆ ಅಂದರು, ಮತ್ತೆ ಹಾಡಿದಳು. ಸತ್ತ ದತ್ತೋಬನ ಮೂಗಿನ ಮೇಲೆ ಒಂದು ಸೊಳ್ಳೆ ಕೂತಿತ್ತು. ತಡೆಯುವವರೆಗೆ ತಡೆದ ಅವನು ಕಡೆಗೆ ಫಟಾರನೆ ಅದನ್ನು ಹೊಡೆದ. ಜನ ಬಿದ್ದು ಬಿದ್ದು ನಕ್ಕರು, ಹಾಡು ಹಾಳಾಯಿತು. ತನ್ನ ಹಾಡಿನ ಮೇಲಿನ ಹೊಟ್ಟೆಕಿಚ್ಚಿಗೆ ಅವನು ಬೇಕೆಂದೇ ಹೊಡೆದ ಎನ್ನುತ್ತಾಳೆ ಅವಳು. ಸೊಳ್ಳೆಯ ಕೈಯಲ್ಲಿ ತನ್ನನ್ನು ತಿನ್ನಿಸಬೇಕೆಂದೇ ಅವಳು ಎಳೆದು ಎಳೆದು ಹಾಡಿದಳು ಎನ್ನುತ್ತಾನೆ ಇವನು. ಅಂದಿನಿಂದ ಇಬ್ಬರೂ ಪಾರ್ಟಿನ ಮಾತು ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

ಚನ್ನವೀರಪ್ಪ ತಲೆ ಮೇಲೆ ಕೈಹೊತ್ತು ಕುಳಿತ. ಮರುದಿನ ಸಂಜೆ ಮೇಲಿನ ಊರಿನಲ್ಲಿ ಅವರ ಮೊದಲ ಆಟ. ಆ ಊರಿನವರು ಕಾಯುವ ಜಾತಿಯಲ್ಲ. ಹಿಂದೊಂದು ಕಂಪನಿ ಬರುವುದು ತಡವಾಯಿತೆಂದು ಥೇಟರಿಗೆ ಹೊದಿಸಿದ ತಗಡನ್ನೆಲ್ಲ ಬಿಚ್ಚಿ ದನದ ಕೊಟ್ಟಿಗೆಗೆ ಹಾಕಿಕೊಂಡವರು. ಕಂಪನಿಯ ಹೊಟ್ಟೆಪಾಡು ಈ ಕ್ಯಾಂಪಿನ ಮೇಲೆ ನಿಂತಿದೆ, ಇದು ತಪ್ಪಿದರೆ ಪರದೆ ಮಾರಿ ಎಲ್ಲರೂ ಅವರವರ ಮನೆಗೆ ಹೋಗುವುದೇ ಎಂದು ಅವನು ಇಬ್ಬರಿಗೂ ಕೈಮುಗಿದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮೆತ್ತಗಾದರು. ದತ್ತೋಬ ತಪ್ಪಾಯಿತು ಎಂದ. ಅಂಬುಜಾಬಾಯಿ ಮೂಗು ಒರೆಸಿಕೊಂಡು ಹೋಗಲಿ ಬಿಡು ಎಂದಳು. ಮೇಲಿನ ಕದದ ಸಂದಿನಲ್ಲಿ ಕಿರ್ ಎಂದಿತು. ನಾನು ತೊಲೆಗೆ ಬೆನ್ನು ಕೊಟ್ಟೆ.

ಅಷ್ಟರಲ್ಲಿ ಅತ್ತಿ ರೊಟ್ಟಿಯ ಬುಟ್ಟಿ ಹೊತ್ತು ನಾವೆಗೆ ಇಳಿದರು. ಹಸಿದಿದ್ದೀರಿ, ಉಂಡು ಹೋಗಿ ಎಂದು ಎಲ್ಲರಿಗೂ ಬಡಿಸಿದರು. ದತ್ತೋಬನಿಗೆ ಬಡಿಸುವಾಗ ತಮ್ಮ ಸಣ್ಣ ದನಿಯಲ್ಲಿ ಹೇಳಿದ್ದು ಗೋಡೆಯ ಮೇಲಿದ್ದ ನನಗೂ ಕೇಳಿಸಿತು.

"ನೀವು ಸತ್ತಾಗ ಭಾಳ ಚಂದ ಕಾಣತೀರಂತ ಬಿಡ್ರಿ. ಬದುಕಿದಾಗಷ್ಟ ನೋಡಾಕಾಗೂದಿಲ್ಲಂತ, ಅಕ್ಕಾರು ಅಂತಿದ್ರು."

ದತ್ತೋಬ ಬಾಯಿಗೆ ಇಟ್ಟ ತುತ್ತನ್ನು ಹಾಗೆಯೇ ಹಿಡಿದು ಅಂಬುಜಾಬಾಯಿಯ ಕಡೆ ನೋಡಿದ. ಕದ ಸುಮ್ಮನಾಯಿತು.

ಅತ್ತಿಗೆ ವಯಸ್ಸಾಯಿತು, ಯಾರೋ ಆಡಿದ್ದನ್ನು ತಿಳಿಯದೆ ಆಡಿಬಿಟ್ಟರು ಎಂದುಕೊಂಡೆ. ಚನ್ನವೀರಪ್ಪ ಮತ್ತೆ ಇಬ್ಬರನ್ನೂ ಒಪ್ಪಿಸಲು ಕುಳಿತ. ಇಳಿಹೊತ್ತಿಗೆ ಅವರು ಮತ್ತೆ ಒಂದಾದರು, ಕದ ಮತ್ತೆ ಕಿರ್ ಎಂದಿತು, ಅತ್ತಿ ಚಹದ ಕಿಟ್ಲಿ ಹಿಡಿದು ಮತ್ತೆ ಇಳಿದರು. ಈ ಸಲ ಪೆಟಿಗಿ ಮಾಸ್ತರ ಹನುಮಂತರಾಯರ ಹತ್ತಿರ ಕುಳಿತು, ಹಾರ್ಮೋನಿಯಂ ಎಂಬುದನ್ನು ಬಾರಿಸದೆ ಬರೇ ಹಿಡಿದುಕೊಂಡು ಕೂತರೂ ನಡೆಯುತ್ತದಂತೆ, ಮಾಲೀಕರು ಹಾಗೆ ಅಂದದ್ದು ಹೌದೇ ಎಂದು ಬಹಳ ಮುಗ್ಧವಾಗಿ ಕೇಳಿದರು. ಮಾಸ್ತರ ಲೋಟ ಕೆಳಗಿಟ್ಟರು. ಅವರನ್ನು ಮಾಲೀಕನ ಜೊತೆ ರಾಜಿ ಮಾಡಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು, ಅತ್ತ ದತ್ತೋಬ ಮಧ್ಯಾಹ್ನದ ಆ ಮಾತನ್ನೇ ಕೆದಕಿ ಅಂಬುಜಾಬಾಯಿಯ ಮೇಲೆ ಮತ್ತೆ ಮುನಿಸಿಕೊಂಡಿದ್ದ. ಆಗ ಅತ್ತಿ ಅಂಬುಜಾಬಾಯಿಗೆ ಎಲೆ ಅಡಿಕೆ ಕೊಟ್ಟು ಬರುತ್ತೇನೆ ಎಂದು ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

ಏನಿದು ಎಂದು ಕೇಳಿದೆ. ಅತ್ತಿ ಮೊದಲು ಏನೂ ತಿಳಿಯದವರ ಹಾಗೆ ನೋಡಿದರು. ನಾನು ಸರಿಯಲಿಲ್ಲ. ಆಗ ಅವರು ಎಲೆಯ ತಟ್ಟೆ ಕೆಳಗಿಟ್ಟು ಒಲೆಯ ಮುಂದೆ ಕುಳಿತರು.

"ಶಂಕ್ರವ್ವ, ಈ ತೊಟ್ಟ್ಯಾಗ ಎಷ್ಟ ಕಂಪನಿ ಹಾದುಹೋದುವು ಗೊತ್ತೈತೇನ? ಎಲ್ಲಾರಿಗೂ ನಾನಽ ಕದ ತಗದು ಕಳಿಸೀನಿ. ಮ್ಯಾಲಿನ ಊರಾಗ ಆಟ ಆಗತೈತಿ, ಕೆಳಗಿನ ಊರಾಗ ಆಟ ಆಗತೈತಿ. ಲಾಕ ಬಿಟ್ಟು ನಾ ಎಂದ ಹೋಗಲಿ? ಪರದಿ ಸುತ್ತಿದ್ದು ನೋಡೀನವ್ವ. ಬಿಚ್ಚಿದ್ದು ಒಂದಿನಾ ನೋಡಿಲ್ಲ."

ಹೇಳಿ ಬೆಂಕಿ ಕೆದಕತೊಡಗಿದರು. ನಾನೂ ನಾಟಕ ನೋಡಿರಲಿಲ್ಲ. ನೋಡಬೇಕೆಂದು ಎಂದೂ ಅನಿಸಿರಲಿಲ್ಲ, ಆ ಕ್ಷಣದವರೆಗೆ. ನಾಳೆ ಎಲೆ ಅಡಿಕೆ ಬೇಡ, ಚಹಾ ಬೇಡ, ಯಾರ ಕಿವಿಗೂ ಬಾಯಿ ಹಚ್ಚಬೇಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಅವರಿಂದ ಮಾತು ತೆಗೆದುಕೊಂಡೆ. ಮಾತು ಕೊಟ್ಟರು. ಕೊಡುವಾಗ ನನ್ನ ಮುಖ ನೋಡಲಿಲ್ಲ.

ಬೆಳಗಾಗುವಷ್ಟರಲ್ಲಿ ಲಾಕಿನ ಎರಡೂ ಕಡೆ ನಾವೆಗಳು ಸಾಲುಗಟ್ಟಿದ್ದವು. ಕೆಳಗೆ ಕುಂಬಳಕಾಯಿಯವರು, ಗಡಿಗೆ ಮಡಕೆಯವರು. ಮೇಲೆ ಒಂದು ಹೊಸ ಮದುವೆಯ ದಿಬ್ಬಣ. ಹೆಣ್ಣುಗಂಡಿಗೆ ಇನ್ನೂ ಮುನಿಸಿಕೊಳ್ಳುವಷ್ಟು ಪರಿಚಯ ಆಗಿರಲಿಲ್ಲ, ಹಾಗಾಗಿ ಅವರು ಹಾಯಾಗಿದ್ದರು. ತೊಟ್ಟಿಯೊಳಗೆ ಮಾತ್ರ ಅಂಬುಜಾಬಾಯಿ ನಾವೆಯ ಆ ತುದಿಯಲ್ಲಿ, ದತ್ತೋಬ ಈ ತುದಿಯಲ್ಲಿ. ಅತ್ತಿಯ ಮಾತಿನ ಮುಳ್ಳು ಅವನಿಗೆ ಚೆನ್ನಾಗಿ ನಾಟಿತ್ತು. ಹಾಗೆ ಅಂದೇ ಇಲ್ಲ ಎಂದು ಅವಳು ಎಷ್ಟು ಆಣೆ ಇಟ್ಟರೂ ಅವನು ಕೇಳಲಿಲ್ಲ. ತನ್ನ ಆಣೆಯನ್ನೇ ನಂಬದವನ ಮೇಲೆ ಅವಳಿಗೂ ಈಗ ಹೊಸ ಸಿಟ್ಟು ಬಂದಿತ್ತು. ಮಧ್ಯಾಹ್ನಕ್ಕೆ ಮೇಲಿನ ಊರಿನ ಜನ ಕೈಯಲ್ಲಿ ಆಟದ ಚೀಟಿ ಹಿಡಿದುಕೊಂಡು ದಡದ ಹಾದಿಯಲ್ಲಿ ನಡೆದೇ ಬಂದರು. ಕಂಪನಿ ಎಲ್ಲಿ ಎಂದು ಕೇಳಿದರು. ಅವರ ದನಿ ತಗಡು ಬಿಚ್ಚುವವರ ದನಿಯಾಗಿತ್ತು.

ನಾನು ಚನ್ನವೀರಪ್ಪನನ್ನು ಬದಿಗೆ ಕರೆದೆ. ನಾವೆ ಗೋಡೆಯ ಮಟ್ಟಕ್ಕೆ ಇದೆ, ಗೋಡೆಯ ಮೇಲೆ ಎರಡೂ ಕಡೆ ಎಷ್ಟು ಬೇಕಾದರೂ ಜನ ಕೂರಬಹುದು, ಪರದೆ ಇಲ್ಲೇ ಕಟ್ಟಿ ಎಂದೆ. ಅವನು ಬೆವರು ಒರೆಸಿಕೊಂಡ. ಮಾತಾಡದವರು ಪಾರ್ಟು ಹೇಗೆ ಮಾಡುತ್ತಾರೆ ಎಂದ. ಪಾರ್ಟಿನ ಮಾತು ಆಡುತ್ತಾರಲ್ಲ, ಅಷ್ಟೇ ಸಾಕು ಎಂದೆ.

"ಆಟ ಆದಮ್ಯಾಲೂ ಕದ ತೆರೀಲಿಲ್ಲಂದ್ರ?"

"ಆಟರ ಆಗತೈತಲ್ರಿ" ಎಂದೆ. ಅವನಿಗೆ ಬೇರೆ ದಾರಿ ಇರಲಿಲ್ಲ.

ಹೊತ್ತು ಇಳಿಯುತ್ತಿದ್ದಾಗ ಪರದೆ ಕಟ್ಟಿ ಆಯಿತು. ಅತ್ತಿ ಪೆಟ್ಟಿಗೆಯ ತಳದಿಂದ ಮದುವೆಯ ಸೀರೆ ತೆಗೆದು ಉಟ್ಟಿದ್ದರು. ಗೋಡೆಯ ಮೇಲೆ ಕುಳಿತರೆ ತಮಗೆ ಕಾಣುವುದಿಲ್ಲ ಎಂದು ಹೇಳಿ ನಾವೆಯೊಳಗೇ, ಪೆಟಿಗಿ ಮಾಸ್ತರರ ಪಕ್ಕದಲ್ಲಿ ಒಂದು ಮಣೆ ಹಾಕಿಸಿಕೊಂಡರು. ರೊಟ್ಟಿ ತಿಂದವರು ಯಾರೂ ಬೇಡವೆನ್ನಲಿಲ್ಲ. ಪರದೆ ಸುರುಳಿ ಬಿಚ್ಚಿಕೊಂಡು ಇಳಿದಾಗ, ಅದರ ಮೇಲೆ ಬರೆದ ಅರಮನೆ, ನವಿಲು, ಕಾರಂಜಿ ಒಂದೊಂದಾಗಿ ಕಾಣಿಸಿದಾಗ ಅತ್ತಿ ಎರಡೂ ಕೈ ಬಾಯಿಯ ಮೇಲಿಟ್ಟುಕೊಂಡರು. ಆಟ ಇನ್ನೂ ಶುರುವಾಗಿರಲಿಲ್ಲ. ಅವರ ಕಣ್ಣಲ್ಲಿ ಆಗಲೇ ನೀರಿತ್ತು.

ನಾನು ಮೇಲಿನ ಕದದ ತೊಲೆಗೆ ಬೆನ್ನು ಕೊಟ್ಟೇ ನಿಲ್ಲಬೇಕಾಗಿತ್ತು. ಹಾಗಾಗಿ ಆಟವನ್ನು ಕತ್ತು ಹೊರಳಿಸಿ ಓರೆಯಾಗಿ ನೋಡಿದೆ. ರಾಜ ಯಾರದೋ ಚಾಡಿ ಕೇಳಿ ರಾಣಿಯನ್ನು ಕಾಡಿಗೆ ಅಟ್ಟುವ ಕಥೆ. ಚಾಡಿಯ ಪ್ರವೇಶ ಬಂದಾಗ ಅತ್ತಿ ಮಣೆಯ ಮೇಲೆ ಸ್ವಲ್ಪ ಮಿಸುಕಾಡಿದರು. ದತ್ತೋಬ ಅಂದು ರಾಣಿಯನ್ನು ಬೈದ ಬೈಗುಳದಲ್ಲಿ ಪಾರ್ಟಿನದೆಷ್ಟು, ಸ್ವಂತದ್ದೆಷ್ಟು ಎಂದು ಹೇಳುವುದು ಕಷ್ಟವಿತ್ತು. ಅಂಬುಜಾಬಾಯಿಯ ಅಳುವೂ ಹಾಗೆಯೇ. ಗೋಡೆಯ ಮೇಲಿದ್ದ ಜನ ಉಸಿರು ಬಿಡಲಿಲ್ಲ. ಮೇಲಿನ ಊರಿನವರು ಕೈಯಲ್ಲಿದ್ದ ಚೀಟಿಗಳನ್ನು ಮಡಚಿ ಜೇಬಿಗಿಟ್ಟರು.

ಕೊನೆಯ ಪ್ರವೇಶದಲ್ಲಿ ತಪ್ಪು ತಿಳಿದ ರಾಜ ಕಾಡಿಗೆ ಬಂದು ರಾಣಿಯ ತೊಡೆಯ ಮೇಲೆ ಪ್ರಾಣ ಬಿಟ್ಟ. ಅಂಬುಜಾಬಾಯಿ ಹಾಡಿದಳು. ಜನ ಒನ್ಸ್ ಮೋರ್ ಎಂದು ಕೂಗಿದರು. ಹೊಳೆಯ ಸೊಳ್ಳೆಗಳು ಆ ಹೊತ್ತಿಗೇ ಏಳುವುದು. ದತ್ತೋಬನ ಮುಖದ ಮೇಲೆ ಅವು ಕವಿದದ್ದು ನನಗೂ ಕಂಡಿತು. ಅವನು ಅಲುಗಲಿಲ್ಲ. ಸತ್ತವನು ಅಲುಗಬಾರದೆಂದು ಹಲ್ಲು ಕಚ್ಚಿ ಮಲಗಿದ್ದ. ಎರಡನೆಯ ಸಲ ಹಾಡುತ್ತ ಹಾಡುತ್ತ ಅಂಬುಜಾಬಾಯಿ ಕೆಳಗೆ ನೋಡಿದಳು. ರಾಗ ಬಿಡದೆಯೇ ಸೆರಗಿನ ತುದಿ ಹಿಡಿದು ಅವನ ಮುಖಕ್ಕೆ ಮೆಲ್ಲಗೆ ಗಾಳಿ ಹಾಕತೊಡಗಿದಳು. ಅದು ಪಾರ್ಟಿನಲ್ಲಿ ಇದ್ದದ್ದಲ್ಲವೆಂದು ಆಮೇಲೆ ಮಾಸ್ತರ ಹೇಳಿದರು. ಸತ್ತ ರಾಜನ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

ಬೆನ್ನ ಹಿಂದಿನ ತೊಲೆ ಒಮ್ಮೆಲೆ ಸರಿದು ನಾನು ಅಂಗಾತ ಬಿದ್ದೆ. ಕದ ತೆರೆದಿತ್ತು.

ನಾವೆ ನಡೆಸುವವರ ಜಾತಿಯೇ ಬೇರೆ. ಅವರಿಗೆ ತೆರೆದ ಕದವೊಂದೇ ಕಾಣುವುದು. ಮತ್ತೆ ಯಾರಿಗೆ ಸಿಟ್ಟು ಬಂದು ಮುಚ್ಚೀತೋ ಎಂಬ ಭಯಕ್ಕೆ ಬಿದಿರಿನ ಗಳು ಹಾಕಿ ನಾವೆಯನ್ನು ನೂಕಿಯೇಬಿಟ್ಟರು. ಪರದೆ, ಅರಮನೆ, ಹೆಣ, ಹಾಡು ಎಲ್ಲವೂ ಮೇಲಿನ ಹೊಳೆಗೆ ಹೊರಟವು. ಜನ ಎದ್ದು ದಡದ ಹಾದಿಯಲ್ಲಿ ನಾವೆಯ ಸಮಕ್ಕೆ ನಡೆಯುತ್ತ ಇನ್ನೊಮ್ಮೆ ಹಾಡು ಎಂದು ಕೂಗಿದರು. ಅವಳು ಹಾಡಿದಳು. ಹಾಡು ಮುಗಿಯದೆ ದತ್ತೋಬ ಏಳುವ ಹಾಗಿರಲಿಲ್ಲ. ನಾನು ಎದ್ದು ಮೈ ಕೊಡವಿಕೊಂಡು ಅತ್ತಿಯನ್ನು ಕೂಗಿದೆ. ಇಳಿಯಿರಿ ಎಂದೆ. ಅವರು ತಿರುಗಿ ನೋಡದೆ, ಗದ್ದಲ ಮಾಡಬೇಡ ಎನ್ನುವಂತೆ ನನ್ನ ಕಡೆಗೆ ಕೈ ಆಡಿಸಿದರು. ಹೊಳೆಯ ತಿರುವಿನಲ್ಲಿ ಕಂಪನಿ ಮರೆಯಾಯಿತು, ಅತ್ತಿಯೂ ಮರೆಯಾದರು.

ನಾಳೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಮೇಲಿನಿಂದ ಬರುವ ನಾವೆಯವರು ಸುದ್ದಿ ತಂದರು: ಅತ್ತಿ ದಿನಾ ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ, ಬಣ್ಣದವರ ಜೊತೆಯೇ ಉಣ್ಣುತ್ತಾರಂತೆ. ಮುಂದಿನ ಸುದ್ದಿ ಬೇರೆ ಇತ್ತು. ರಾಜ ರಾಣಿ ಕುಳಿತು ಮಾತಾಡಿದಾಗ ಯಾರು ಯಾರ ಕಿವಿಯಲ್ಲಿ ಏನು ಹೇಳಿದರೆಂಬುದು ಬಯಲಾಯಿತಂತೆ. ಎಲ್ಲರೂ ಅತ್ತಿಯ ಮೇಲೆ ಎಗರಿದರಂತೆ. ಚನ್ನವೀರಪ್ಪ ಮಾತ್ರ ಮೀಸೆ ತೀಡುತ್ತ, ಇಷ್ಟು ಜನ ನಟರನ್ನು ಮುಖದ ಒಂದು ಗೆರೆ ಅಲುಗದ ಹಾಗೆ ಏಮಾರಿಸಿದವರು ತನ್ನ ಕಂಪನಿಯಲ್ಲಿ ಇನ್ನೊಬ್ಬರಿಲ್ಲ ಎಂದನಂತೆ. ಹಳ್ಳಿಯ ಸಂಸಾರದ ಇನ್ನೊಂದು ನಾಟಕದಲ್ಲಿ ಪಾರ್ಟು ಮಾಡುವ ಹೆಂಗಸು ತವರಿಗೆ ಹೋಗಿದ್ದಳು. ಅವಳ ಪಾರ್ಟನ್ನು ಅತ್ತಿಗೆ ಕೊಟ್ಟಿದ್ದಾನಂತೆ. ಯಾವ ಪಾರ್ಟು ಎಂದರೆ ನಾವೆಯವರು ನನ್ನ ಮುಖ ನೋಡಿ, ಮಾತು ಹೊರಳಿಸಿ, ಹೊಳೆಯ ನೀರು ಕಡಿಮೆಯಾಯಿತು ಅನ್ನುತ್ತಿದ್ದರು.

ಸಂತೆಯ ದಿನ ಗಂಡ ಬಂದ. ಅವ್ವ ಎಲ್ಲಿ ಎಂದ. ಹೇಳಿದೆ. ಕರೆತರುತ್ತೇನೆ ಎಂದು ಎದ್ದ ಕಾಲಲ್ಲೇ ಮೇಲಿನ ಊರಿಗೆ ಹೋದವನು ಮರುದಿನ ಒಬ್ಬನೇ ಬಂದ. ಬರುವುದಿಲ್ಲವಂತೆ ಎಂದ. ಆಟ ನೋಡಿದೆಯಾ ಎಂದೆ. ನೋಡಿದೆ ಎಂದ. ಅವ್ವ ಹೇಗೆ ಮಾಡುತ್ತಾರೆ ಎಂದೆ. ಅವನು ನನ್ನ ಮುಖ ನೋಡದೆ ಉಳಿಯನ್ನು ಕಲ್ಲಿಗೆ ತಿಕ್ಕುತ್ತ ಕುಳಿತ. ಉಳಿ ಹರಿತವಾದ ಮೇಲೆ, ತಾನು ಕದ ನೋಡಿಕೊಳ್ಳುತ್ತೇನೆ, ನೀನೇ ಒಮ್ಮೆ ಹೋಗಿ ಬಾ ಎಂದ.

ನಾನು ದಡದ ಹಾದಿ ಹಿಡಿದು ಹೋದೆ. ತಗಡಿನ ಥೇಟರು ತುಂಬಿತ್ತು. ನಡುವಿನ ಸಾಲಿನಲ್ಲಿ ಶೇಂಗಾ ತಿನ್ನುತ್ತಿದ್ದ ಒಬ್ಬ ದಪ್ಪ ಹೆಂಗಸು ಸರಿದು ಜಾಗ ಕೊಟ್ಟಳು. ಪರದೆ ಎದ್ದಿತು. ಒಂದು ಬಡ ಒಕ್ಕಲಿನ ಮನೆ. ಅಂಬುಜಾಬಾಯಿ ಸೊಸೆ. ಒಳಗಿನಿಂದ ಒಂದು ದನಿ ಬಂತು, ಗುಡುಗಿನಂಥ ದನಿ. ಅದರ ಹಿಂದೆ ಅತ್ತಿ ಬಂದರು. ಜನ ಅವರನ್ನು ಕಂಡದ್ದೇ ಛೀ ಥೂ ಎಂದು ಕೂಗಿದರು. ಅತ್ತಿ ಸೊಂಟದ ಮೇಲೆ ಕೈಯಿಟ್ಟು ಗದ್ದಲ ಇಳಿಯುವವರೆಗೆ ಆರಾಮವಾಗಿ ನಿಂತರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹೊತ್ತ ನೆತ್ತಿಗೇರೂ ತನಕ ಬಿದ್ದಕೊಳ್ಳಾಕಿ. ಹಾಲ ಉಕ್ಕಿಸಿ ಒಲಿ ಆರಿಸಿದಾಕಿ. ನನ್ನ ರೇಷ್ಮಿ ಸೆರಗ ಆಡಿನ ಬಾಯಿಗಿ ಕೊಟ್ಟು ನಕ್ಕೋತ ನಿಂತಾಕಿ. ತೂಬ ಮುಚ್ಚೂದ ಮರತು ಕುಂಬಳಕಾಯಿ ನಾವಿ ಮುಳುಗಿಸಿದಾಕಿ."

ಆ ನಾಟಕದಲ್ಲಿ ಹೊಳೆ ಇರಲಿಲ್ಲ, ತೂಬು ಇರಲಿಲ್ಲ, ನಾವೆಯೂ ಇರಲಿಲ್ಲ. ಜನ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಹಾಲು ಉಕ್ಕಿದ್ದು ನನ್ನ ಮದುವೆಯ ಮರುವರ್ಷ. ಆಡು ಸೆರಗು ತಿಂದಾಗ ನಾನು ನಕ್ಕದ್ದೂ ಹೌದು. ಅಂದು ಅತ್ತಿಯೂ ನಕ್ಕಿದ್ದರು, ಇರಲಿ ಬಿಡವ್ವ ಎಂದಿದ್ದರು. ಎದೆಯೊಳಗೆ ಏನೋ ಚುಚ್ಚಿತು. ಅದರ ಬೆನ್ನಿಗೇ ಎಲ್ಲಿಂದಲೋ ನಗು ಬಂತು. ಅಷ್ಟೊಂದು ಸಾಮಾನನ್ನು ಆ ಸಣ್ಣ ಮೈಯೊಳಗೆ ಎಲ್ಲಿ ಇಟ್ಟುಕೊಂಡಿದ್ದರೋ.

ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು, ಇಂಥವಳ ಕೈಗೆ ಸಿಕ್ಕ ಸೊಸೆ ಬದುಕುತ್ತಾಳೇನವ್ವ ಎಂದು ನನ್ನನ್ನು ಕೇಳಿದಳು.

"ಅವರು ನಮ್ಮ ಅತ್ತಿಯವರ್ರಿ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ತಲೆ ಸವರಿದಳು. ತನ್ನ ಉಡಿಯಲ್ಲಿದ್ದ ಶೇಂಗಾವನ್ನೆಲ್ಲ ನನ್ನ ಉಡಿಗೆ ಸುರಿದಳು.

ಆಗ ಅತ್ತಿಯ ಕಣ್ಣು ನನ್ನ ಮೇಲೆ ಬಿತ್ತು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಮಾಸ್ತರ ಪೆಟಿಗಿಯ ಮೇಲೆ ಸುಮ್ಮನೆ ಒಂದು ಸುರ ಹಿಡಿದು ಕಾದರು. ನಾನು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡು, ನಡೆಯಲಿ ಎನ್ನುವಂತೆ ತಲೆ ಆಡಿಸಿದೆ. ಅತ್ತಿ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಮೊದಲಿಗಿಂತ ದೊಡ್ಡ ದನಿಯಲ್ಲಿ ಮುಂದುವರಿದರು. ನಾನು ಆರಾಮವಾಗಿ ಕಾಲು ಚಾಚಿ ಕುಳಿತೆ. ಇನ್ನೂ ಬಹಳ ಬಾಕಿ ಇತ್ತು.